ಮೈಲುತುತ್ತಿಗೆ ಸಾವಯವದ ಮರ್ಯಾದೆ

ಮೇ ತಿಂಗಳು ಮುಗಿಯುವ ಹೊತ್ತಿಗೆ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲದ ಕೊಳೆರೋಗ ತಡೆಯುವ ನೀಲಿ ದ್ರಾವಣ ಸಿದ್ಧವಾಗುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದರೆ ಶೇ. 1ರ ಬೋರ್ಡೋ ದ್ರಾವಣ. ‘ನಮ್ಮದು ರಾಸಾಯನಿಕ ಮುಟ್ಟದ ತೋಟ’ ಎನ್ನುವವರಲ್ಲೂ ಇದನ್ನು ಹೊಡೆಸುವವರಿದ್ದಾರೆ. ಸಾವಯವ ಕೃಷಿಯ ನಿಯಮಗಳೂ ಮಿತಿಯೊಳಗೆ ಒಪ್ಪುತ್ತವೆ. ಮೈಲುತುತ್ತು ಮಾತ್ರ ತಾಮ್ರದ ಸಲ್ಫೇಟ್, ಅಪ್ಪಟ ರಾಸಾಯನಿಕ.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಟ್ಟದಿದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದರು. ಅಲ್ಲಿಯವರೆಗೆ ಮರ ಹತ್ತಿ ಗೊನೆಗೊನೆಗೂ ಮಳೆ ತಾಕದಂತೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಗತಿಯಾಗಿತ್ತು.

ಕೊಳೆರೋಗ ತರುವ ಫೈಟಾಫ್ತೊರ ಎಂಬ ರೋಗಾಣುವಿನ ಬೀಜಾಣುಗಳು ಮಳೆನೀರಿನ ತೆಳು ಪದರದಲ್ಲಿ ಈಜಿ ಕಾಯಿಯನ್ನು ತಲುಪುತ್ತವೆ. ಕಾಯಿಗೆ ಅಂಟಿದ ತಾಮ್ರ ತುಸುತುಸುವೇ ಕರಗಿ ಅವುಗಳ ಕಿಣ್ವಗಳನ್ನು ಕೆಡಿಸುತ್ತದೆ. ರೋಗಾಣು ಒಳಹೊಕ್ಕ ಮೇಲೆ ಹೊಡೆದು ಫಲವಿಲ್ಲ. ಹಾಗಾಗಿಯೇ ಮಳೆಗೆ ಮುಂಚೆ ಒಮ್ಮೆ, 40–45 ದಿನ ಕಳೆದು ಮತ್ತೊಮ್ಮೆ.

ನಮ್ಮ ಅಡಿಕೆ ಸೀಮೆ ಇನ್ನೊಂದು ಮದ್ದನ್ನೂ ಕಂಡಿದೆ. ಕಾಸರಗೋಡು, ಬೆಳ್ತಂಗಡಿ ಸುತ್ತಿನ ನಿಗಮಗಳ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ಬಾವಿಗಳಿದ್ದವು, ತೊರೆಗಳಿದ್ದವು, ಮನೆಗಳಿದ್ದವು. ನರಮಂಡಲದ ಮೇಲೆ ಎರಗುವ ಆ ವಿಷವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ರಾಸಾಯನಿಕ ಬೇಕೋ ಬೇಡವೋ ಎಂದು ಎಷ್ಟು ಜಗಳವಾಡಿದರೂ ಈ ಎರಡು ಮದ್ದುಗಳ ಅಂತರ ತಿಳಿಯುವುದಿಲ್ಲ. ಯಾವ ವಸ್ತು, ಎಷ್ಟು, ಯಾರ ತಲೆಯ ಮೇಲೆ ಎಂದು ಕೇಳಬೇಕು. ಹಾಗೆ ಕೇಳತೊಡಗಿದರೆ ಬೋರ್ಡೋ ದ್ರಾವಣವೂ ಸುಲಭಕ್ಕೆ ಪಾರಾಗುವುದಿಲ್ಲ.

ಎಂಡೋಸಲ್ಫಾನ್ ವರ್ಷಗಳು ಹಿಡಿದರೂ ಒಡೆದು ಹೋಗುತ್ತದೆ. ತಾಮ್ರ ಮೂಲವಸ್ತು, ಅದು ಒಡೆಯುವ ಮಾತೇ ಇಲ್ಲ. ಮೈಲುತುತ್ತಿನ ತೂಕದ ಕಾಲು ಭಾಗ ತಾಮ್ರ. ಹೆಕ್ಟೇರಿನ 1,300 ಮರಗಳಿಗೆ ತಲಾ ಒಂದೇ ಲೀಟರ್ ಎಂದು ಹಿಡಿಯಿರಿ: 13 ಕಿಲೋ ಮೈಲುತುತ್ತು, ಅಂದರೆ ಮೂರೂಕಾಲು ಕಿಲೋ ತಾಮ್ರ. ಎರಡು ಸಲಕ್ಕೆ ಆರೂವರೆ ಕಿಲೋ. ಯುರೋಪಿಯನ್ ಒಕ್ಕೂಟ ಹೆಕ್ಟೇರಿಗೆ ಹಾಕಿರುವ ಮಿತಿ ಏಳು ವರ್ಷಕ್ಕೆ 28 ಕಿಲೋ, ಸರಾಸರಿ ವರ್ಷಕ್ಕೆ ನಾಲ್ಕು. ನಮ್ಮ ಹಳೆಯ ತೋಟಗಳಿಗೆ ಈ ಲೋಹ ಎಷ್ಟೋ ದಶಕಗಳಿಂದ ಬೀಳುತ್ತಿದೆ. ಹೆಚ್ಚಾದರೆ ಎರೆಹುಳುಗಳಿಗೂ ಹಳ್ಳದ ಮೀನುಗಳಿಗೂ ಅದು ವಿಷವೇ.

ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರವೂ ಇದೆ. ಆದರೆ ಅಲ್ಲಿ ಹುಡುಕುವುದು ಕೊರತೆಯನ್ನು. ಮಿತಿಮೀರಿದ್ದರೂ ‘ಸಾಕಷ್ಟಿದೆ’ ಎಂಬ ಷರಾ ಬಂದೀತು. ಅಡಿಕೆ ಬೆಳೆಗಾರರು ಷರಾ ಬಿಟ್ಟು ಅಂಕಿಯನ್ನೇ ಓದಿ, ಹಿಂದಿನ ಚೀಟಿಯ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.