ಹತ್ತು ಸಾವಿರ ಆಗಿಲ್ವಲ್ಲ, ಸರ್ವಿಸ್ ಯಾಕೆ?

ಮಂಡ್ಯದ ಸುಭಾಷ್ ನಗರದ ನಿವೃತ್ತ ಮೇಷ್ಟ್ರೊಬ್ಬರು ಹೋದ ವರ್ಷ ನನ್ನ ಗ್ಯಾರೇಜಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಕಾರಿನ ಸರ್ವಿಸ್ ಪುಸ್ತಕ, ಆರ್‌ಸಿ ಜೆರಾಕ್ಸು, ಒಂದು ಎಸ್ಟಿಮೇಟು. ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊ ಬದಲಾಯಿಸಲು ಕಂಪನಿಯ ಸರ್ವಿಸ್ ಸೆಂಟರಿನವರು ಎಪ್ಪತ್ತು ಸಾವಿರದ ಹತ್ತಿರ ಬರೆದಿದ್ದರು.

"ನೋಡಪ್ಪ, ಗಾಡಿ ತಗೊಂಡು ಇನ್ನೂ ಎರಡು ವರ್ಷ ತುಂಬಿಲ್ಲ. ಮೂರು ವರ್ಷ ವಾರಂಟಿ ಅಂತ ಅವರೇ ಬರ್ಕೊಟ್ಟವ್ರೆ. ಈಗ ಸರ್ವಿಸ್ ತಪ್ಪಿಸಿದ್ದೀರಿ, ಆಗಲ್ಲ ಅಂತಾರೆ. ಓಡಿರೋದೇ ಏಳು ಸಾವಿರ ಕಿಲೋಮೀಟರು. ಹತ್ತು ಸಾವಿರ ಆಗಿಲ್ವಲ್ಲ, ಸರ್ವಿಸ್ ಯಾಕೆ?"

ಪುಸ್ತಕ ತೆಗೆದು ತೋರಿಸಿದೆ. "10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು." ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಜೀವನವಿಡೀ ಮಕ್ಕಳಿಗೆ "ಪ್ರಶ್ನೆ ಪೂರ್ತಿ ಓದ್ರೋ" ಅಂದವರು. ಆ ಕೊನೆಯ ಮೂರು ಪದ ಅವರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ಮಂಡ್ಯದಲ್ಲಿ ನನ್ನದೇ ಗ್ಯಾರೇಜು. ಅದಕ್ಕೆ ಮೊದಲು ಮೈಸೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಹದಿನೇಳು ವರ್ಷ ಇದ್ದೆ. ಅದರಲ್ಲಿ ಒಂಬತ್ತು ವರ್ಷ ಕೂತದ್ದು ವಾರಂಟಿ ಮೇಜಿನಲ್ಲೇ. ಅಲ್ಲಿಗೆ ಬರುತ್ತಿದ್ದ ಜಗಳಗಳಲ್ಲಿ ಜಾಸ್ತಿ ಇಂಥವೇ. ಕಾರು ಕಮ್ಮಿ ಓಡಿಸುವವರು, ಜೋಪಾನವಾಗಿ ಇಟ್ಟುಕೊಂಡವರು, ಪ್ರತಿ ಭಾನುವಾರ ಒರೆಸುವವರು. ಅವರಿಗೇ ಈ ಪೆಟ್ಟು ಬೀಳುವುದು.

ಓಡದೆ ಇದ್ದರೂ ಆಯಿಲ್ ಯಾಕೆ ಕೆಡುತ್ತದೆ? ಮೇಷ್ಟ್ರ ಕಾರು ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿಂದ ಬ್ಯಾಂಕಿಗೆ, ಬ್ಯಾಂಕಿಂದ ಮನೆಗೆ. ಒಂದೊಂದು ಸಲಕ್ಕೆ ಎರಡು ಕಿಲೋಮೀಟರು. ಮೇಲುಕೋಟೆ ವೈರಮುಡಿಗೆ ಹೋದದ್ದೇ ದೊಡ್ಡ ಪ್ರಯಾಣ. ಎರಡು ಕಿಲೋಮೀಟರಿಗೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ತಣ್ಣಗಿದ್ದಾಗ ಉರಿಯದೆ ಉಳಿದ ಪೆಟ್ರೋಲು, ನೀರಿನ ಪಸೆ ಎರಡೂ ಆಯಿಲಿಗೆ ಸೇರುತ್ತವೆ. ದೂರ ಓಡಿಸಿದರೆ ಆ ಬಿಸಿಗೆ ಆವಿಯಾಗಿ ಹೋಗುತ್ತವೆ. ಇಲ್ಲದಿದ್ದರೆ ಅಲ್ಲೇ ಕೂತು ಆಯಿಲನ್ನು ಹಾಳು ಮಾಡುತ್ತವೆ. ಅವರ ಕಾರಿನ ಆಯಿಲ್ ತುಂಬುವ ಮುಚ್ಚಳ ತಿರುಗಿಸಿದೆ. ಒಳಗಡೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಅಂಟು. ಬೆರಳಲ್ಲಿ ತೆಗೆದು ಬಿಳಿ ಬಟ್ಟೆಗೆ ಒರೆಸಿ ತೋರಿಸಿದೆ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುತ್ತದೆ. ಅದನ್ನು ಕಾಯುವುದು ತೆಳ್ಳನೆಯ ಆಯಿಲ್ ಪದರ ಒಂದೇ. ಆ ಜಾಗಕ್ಕೆ ಈ ಅಂಟು ಹೋದರೆ ಏನಾಗುತ್ತದೆ ಎಂದು ಹೇಳಬೇಕಾಗಿರಲಿಲ್ಲ. ಅವರು ವಿಜ್ಞಾನದ ಮೇಷ್ಟ್ರು.

ಟರ್ಬೊ ವಿಷಯದಲ್ಲಿ ಕಂಪನಿ ಹೇಳಿದ್ದು ಸರಿ ಎಂದು ಅವರ ಮುಖಕ್ಕೇ ಹೇಳಿದೆ. ಬೇಜಾರಾದರು. ಆದರೆ ಸರ್ವಿಸ್ ಸೆಂಟರಿನವರು ದೂರು ಬರೆದುಕೊಂಡ ಜಾಬ್ ಕಾರ್ಡಿನಲ್ಲಿ ಎರಡನೇ ದೂರೂ ಇತ್ತು. ಎಡಕ್ಕೆ ತಿರುಗಿಸುವಾಗ ಸ್ಟೇರಿಂಗ್ ಆಗಾಗ ಬಿಗಿಯಾಗುತ್ತಿತ್ತು. ಅದಕ್ಕೂ ಷರಾ ಅದೇ: ಸರ್ವಿಸ್ ತಪ್ಪಿದೆ, ವಾರಂಟಿ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿ. ಆ ಕಾರಿನದು ಕರೆಂಟಿನ ಪವರ್ ಸ್ಟೇರಿಂಗ್. ಒಂದು ಮೋಟಾರು, ಒಂದು ಸೆನ್ಸಾರು, ಒಂದು ಕಂಟ್ರೋಲ್ ಯೂನಿಟ್. ಎಂಜಿನ್ ಆಯಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ದರೂ ಆ ಮೋಟಾರು ಕೆಡುತ್ತಿತ್ತು.

ನಾನು ಎಲ್ಲರಿಗೂ ಹೇಳುವುದು ಇದನ್ನೇ. "ಸರ್ವಿಸ್ ತಪ್ಪಿಸಿದ್ದೀರಿ" ಎಂದ ತಕ್ಷಣ ತಲೆ ತಗ್ಗಿಸಿ ಎದ್ದು ಬರಬೇಡಿ. ತಪ್ಪಿಸಿದ್ದರಿಂದಲೇ ಈ ಭಾಗ ಕೆಟ್ಟಿತಾ ಎಂದು ಕೇಳಿ. ಮತ್ತೆ ನಿಮ್ಮ ವಾರಂಟಿ ಪುಸ್ತಕದ ಒಕ್ಕಣೆ ನೋಡಿ. ಸರ್ವಿಸ್ ಮಾಡಿಸದೆ ಇದ್ದದ್ದರಿಂದ "ಆದ ಹಾನಿಗೆ" ವಾರಂಟಿ ಇಲ್ಲ ಎನ್ನುವುದು ಬೇರೆ. ಸರ್ವಿಸ್ ತಪ್ಪಿದರೆ ಇಡೀ ವಾರಂಟಿಯೇ ಇಲ್ಲ ಎನ್ನುವುದು ಬೇರೆ. ಮೇಷ್ಟ್ರ ಪುಸ್ತಕದಲ್ಲಿದ್ದದ್ದು ಮೊದಲನೆಯದು. ಕೌಂಟರಿನಲ್ಲಿ ಹೇಳಿದ್ದು ಎರಡನೆಯದು.

ಕೌಂಟರಿನಲ್ಲಿ ಯಾಕೆ ಹಾಗೆ ಹೇಳುತ್ತಾರೆ? ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ. ವಾರಂಟಿ ಕೆಲಸಕ್ಕೆ ನೀವು ದುಡ್ಡು ಕೊಡುವುದಿಲ್ಲ, ಆದರೆ ಯಾರೋ ಕೊಡಲೇಬೇಕಲ್ಲ. ಡೀಲರ್ ಮೊದಲು ಕೆಲಸ ಮಾಡಿ ಆಮೇಲೆ ಕಂಪನಿಗೆ ಕ್ಲೇಮ್ ಹಾಕುತ್ತಾನೆ. ಹಳೇ ಭಾಗಕ್ಕೆ ಚೀಟಿ ಕಟ್ಟಿ ಗೋಡೌನಿನಲ್ಲಿ ಇಟ್ಟಿರಬೇಕು, ಕಂಪನಿಯವರು ಕೇಳಿದರೆ ಕಳಿಸಬೇಕು. ಸರ್ವಿಸ್ ದಾಖಲೆಯಲ್ಲಿ ಸಂದು ಕಂಡರೆ ಕ್ಲೇಮ್ ವಾಪಸ್, ನಷ್ಟ ಡೀಲರನಿಗೆ. ಅದಕ್ಕೇ ಕಂಪ್ಯೂಟರಿನಲ್ಲಿ ಒಂದು ಸರ್ವಿಸ್ ಕಾಣದಿದ್ದರೆ ಅಡ್ವೈಸರ್ ಹುಡುಗ ಮೊದಲೇ "ಆಗಲ್ಲ ಸಾರ್" ಅಂದುಬಿಡುತ್ತಾನೆ. ಎಷ್ಟೋ ಸಲ ಕ್ಲೇಮ್ ಕಂಪನಿ ತನಕ ಹೋಗಿರುವುದೇ ಇಲ್ಲ. ನಾನೂ ಹಾಗೆ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಬಾಯಿಮಾತಿನ "ಆಗಲ್ಲ" ಲೆಕ್ಕಕ್ಕಿಲ್ಲ. ಬರೆದು ಕೊಡಿ ಎನ್ನಿ. ಯಾವ ಭಾಗ, ಯಾವ ಕಾರಣ, ಪುಸ್ತಕದ ಯಾವ ಷರತ್ತು. ಡೀಲರ್ ಕೊಡದಿದ್ದರೆ ಕಂಪನಿಯ ಕಸ್ಟಮರ್ ಕೇರಿಗೆ ಮೇಲ್ ಹಾಕಿ. ಸ್ಕ್ಯಾನರ್ ಹಾಕಿದಾಗ ಬಂದ, ದೋಷ ಎಲ್ಲಿದೆ ಎಂದು ತೋರಿಸುವ ಫಾಲ್ಟ್ ಕೋಡಿನ ಪ್ರಿಂಟ್ ಕೇಳಿ, ಕೊಡದಿದ್ದರೆ ಪರದೆಯ ಫೋಟೊ ಹಿಡಿಯಿರಿ. ಸ್ಟೇರಿಂಗಿನ ಕೋಡೇ ಬೇರೆ, ಎಂಜಿನ್ನಿನದೇ ಬೇರೆ. ಮೇಷ್ಟ್ರ ಜಗಳದಲ್ಲಿ ನಮ್ಮ ಕೈ ಹಿಡಿದದ್ದು ಆ ಫೋಟೊ.

"ಹೊರಗಡೆ ಮಾಡಿಸಿದರೆ ವಾರಂಟಿ ಹೋಯ್ತು" ಎನ್ನುವ ಮಾತೂ ಹೀಗೇ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ ಎಂಬುದು ದೂರು. ದಂಡದ ಮೇಲೆ ಅಪೀಲುಗಳಾದವು, ಆ ಕಥೆ ಇಲ್ಲಿ ಬೇಡ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎನ್ನುವ ಷರತ್ತು ಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ಇಲ್ಲ ಎನ್ನಬಹುದು ಎಂದು ಆ ಆದೇಶದಲ್ಲಿತ್ತು. ಇಷ್ಟು ಹೇಳಿ, ಹೊರಗಿನ ಗ್ಯಾರೇಜಿನವನಾದ ನಾನೇ ಇನ್ನೊಂದು ಮಾತು ಹೇಳುತ್ತೇನೆ: ವಾರಂಟಿ ಮುಗಿಯುವ ತನಕ ಮಾಮೂಲಿ ಸರ್ವಿಸ್ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಎರಡು ಸಾವಿರ ಉಳಿಸಲು ಹೋಗಿ ಎರಡು ವರ್ಷ ವಾದ ಮಾಡುವುದು ಯಾಕೆ? ಹೊರಗೆ ಮಾಡಿಸಲೇಬೇಕಾದರೆ ಆಯಿಲಿನ ಗ್ರೇಡು, ಫಿಲ್ಟರಿನ ನಂಬರು, ಕಿಲೋಮೀಟರು, ತಾರೀಕು ಎಲ್ಲ ಇರುವ ಬಿಲ್ ತಗೊಳ್ಳಿ.

ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ವೈಪರ್ ರಬ್ಬರು ಸವೆಯುವ ಸಾಮಾನು, ಅದರ ಮೇಲೆ ವಾದ ಬೇಡ. ಟೈರು, ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಅವನ್ನು ಮಾಡಿದ ಕಂಪನಿಯದು. ಇಲಿ ವೈರ್ ಕಡಿದರೆ ವಾರಂಟಿ ಅಲ್ಲ, ಇನ್ಶೂರೆನ್ಸ್ ಕೇಳಿ ನೋಡಬೇಕು. ಗದ್ದೆ ಪಕ್ಕ ನಿಲ್ಲಿಸುವವರಿಗೆ ಇದು ಗೊತ್ತೇ ಇದೆ. ಆಯುಧಪೂಜೆಗೆ ಮುಂಚೆ ರಸ್ತೆ ಬದಿ ಅಂಗಡಿಯಲ್ಲಿ ವೈರ್ ಸೀಳಿ ಹಾರ್ನು, ಲೈಟು ಹಾಕಿಸಿದ್ದರೆ ಕರೆಂಟಿನ ಕ್ಲೇಮಿಗೆ ಅದೊಂದೇ ಸಾಕು, ರಿಜೆಕ್ಟ್. ಇನ್ನೊಂದು ನಮ್ಮ ಕಡೆಯ ಕಾಯಿಲೆ. ಎಂಜಿನ್ ತಣ್ಣಗಿಡುವ ಕೂಲೆಂಟ್ ಕಮ್ಮಿಯಾದರೆ ಬೋರ್‌ವೆಲ್ ನೀರು ಸುರಿಯುವುದು. ಆ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಹಾಗೆ ಕಟ್ಟುತ್ತದೆ. ಬಿಚ್ಚಿದವನಿಗೆ ಕೂಡಲೇ ಗೊತ್ತಾಗುತ್ತದೆ. ಮದ್ದೂರಿನ ಒಬ್ಬ ಗೌಡರು "ನೀರು ಹಾಕೇ ಇಲ್ಲ" ಅಂತ ಆಣೆ ಇಟ್ಟರು. ಬಾನೆಟ್ ತೆಗೆದರೆ ಬಿಸ್ಲೇರಿ ಬಾಟಲು ಅಲ್ಲೇ ಇತ್ತು.

ಯಾವುದೂ ನಡೆಯದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಕಾರು ಕೊಂಡದ್ದು ಬೆಂಗಳೂರಿನಲ್ಲಾದರೂ ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಲಾಯರ್ ಕಡ್ಡಾಯ ಅಲ್ಲ. ಎರಡು ವರ್ಷದೊಳಗೆ ಕೊಡಬೇಕು, ಇದು ಮರೆಯಬೇಡಿ. ಆದರೆ "ಹೊಸ ಕಾರೇ ಕೊಡಿಸಿ" ಎಂದು ಶುರುಮಾಡಬೇಡಿ. ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ವಾರಂಟಿ ಎಂದರೆ ಕೆಟ್ಟ ಭಾಗ ರಿಪೇರಿ ಮಾಡುವುದು ಅಥವಾ ಬದಲಾಯಿಸುವುದು, ಇಡೀ ಕಾರು ಬದಲಾಯಿಸುವುದಲ್ಲ.

ಮೇಷ್ಟ್ರು ಆಯೋಗದ ತನಕ ಹೋಗಲಿಲ್ಲ. ಒಂದು ಪುಟದ ಮೇಲ್ ಬರೆದರು. ನಾನು ಬರೆದುಕೊಟ್ಟದ್ದರಲ್ಲಿ ನಾಲ್ಕು ಕಾಗುಣಿತ ತಪ್ಪು ತಿದ್ದಿಯೇ ಕಳಿಸಿದರು. ಎರಡು ವಾರದಲ್ಲಿ ಸ್ಟೇರಿಂಗ್ ಮೋಟಾರು ಬಿಟ್ಟಿ ಬದಲಾಯಿತು. ಟರ್ಬೊಗೆ ಗುಡ್‌ವಿಲ್ ಕೇಳಿ ಎಂದಿದ್ದೆ. ಹಕ್ಕಿನಿಂದ ಕೇಳುವಂಥದ್ದಲ್ಲ ಅದು, ಹಳೇ ಗಿರಾಕಿ ಎಂದು ಕಂಪನಿ ತಾನಾಗಿ ಒಂದು ಪಾಲು ಹೊರುವುದು. ಕೇಳದವರಿಗೆ ಯಾರೂ ಹೇಳುವುದಿಲ್ಲ. ಟರ್ಬೊ ಬೆಲೆಯಲ್ಲಿ ಅರ್ಧ ಕಂಪನಿ ಕೊಟ್ಟಿತು. ಉಳಿದರ್ಧ, ಕೂಲಿ ಸೇರಿ, ಮೇಷ್ಟ್ರ ಪಾಲಿಗೆ ಬಂತು.

ಮೊನ್ನೆ ಪಂಚರ್ ಹಾಕಿಸಲು ಬಂದಿದ್ದರು. ಈ ವರ್ಷದ ಸರ್ವಿಸ್ ತಾರೀಕಿಗೆ ಸರಿಯಾಗಿ ಆಗಿದೆ, ಸೀಲ್ ತೋರಿಸಿದರು. ಹೊರಡುವಾಗ ಮಾತ್ರ ಕಿಟಕಿ ಇಳಿಸಿ ಅಂದರು: "ಆದ್ರೂ ಏಳು ಸಾವಿರಕ್ಕೆ ಆಯಿಲ್ ಕೆಡುತ್ತೆ ಅಂದ್ರೆ ನಾನು ಒಪ್ಪಲ್ಲ ಕಣಪ್ಪ."