ಚಾರ್ಮಾಡಿಯ ತಿರುವು, ಕೊಡೆಯ ಹನಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸು ಹತ್ತಿ, ಬಲಗಡೆ ಕಿಟಕಿ ಪಕ್ಕ ಕೂತಿರುತ್ತೇನೆ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಎಡಕ್ಕೆ ಹೊರಳಿತೋ ಇಲ್ಲವೋ, ಪಕ್ಕದವರು ನನ್ನ ಮೇಲೆ, ನಾನು ಕಿಟಕಿಯ ಮೇಲೆ. "ಏನ್ ಎಳೀತದೆ ಮಾರಾಯ್ರೆ!" ಅನ್ನುತ್ತಾರೆ. ನನ್ನ ತಕರಾರಿರುವುದು ಈ 'ಎಳೆಯುವ' ಮಾತಿನ ಮೇಲೇ. ನಮ್ಮನ್ನು ಬಲಕ್ಕೆ ಯಾರೂ ಎಳೆದಿಲ್ಲ.

ನ್ಯೂಟನ್ನನ ಮೂರು ನಿಯಮಗಳನ್ನು ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದವರೇ, ಮತ್ತೆ ಒಪ್ಪಿಸುವುದಿಲ್ಲ. ತಿರುಗಿದ್ದು ಬಸ್ಸು, ನಾವಲ್ಲ. ನಮ್ಮ ಮೈ ತಾನು ಹೊರಟಿದ್ದ ದಿಕ್ಕಿನಲ್ಲೇ ನೆಟ್ಟಗೆ ಹೋಗುತ್ತಿತ್ತು, ಕಿಟಕಿ ಅಡ್ಡ ಬಂತು. ಆ ಕಿಟಕಿ ಹೆಗಲನ್ನು ನೂಕುವುದು ಎಡಕ್ಕೆ, ತಿರುವಿನ ಒಳಗಡೆಗೆ!

ನಂಬಿಕೆ ಬಾರದಿದ್ದರೆ ಮಳೆಯಲ್ಲಿ ನೆನೆದ ಕೊಡೆಯನ್ನು ಗಿರ್ರನೆ ತಿರುಗಿಸಿ, ಮತ್ತೊಬ್ಬರು ಜಗಲಿಯ ಮೇಲಿಂದ ನೋಡಲಿ. ಹೊರಗೆ ಎಳೆಯುವ ಬಲವಿದ್ದಿದ್ದರೆ ಹನಿಗಳು ಕೊಡೆಯ ಕಡ್ಡಿಗಳ ನೇರಕ್ಕೇ ಸಿಡಿಯಬೇಕಿತ್ತು. ಹಾಗಾಗುವುದಿಲ್ಲ, ಅಂಚನ್ನು ಸವರಿಕೊಂಡು ಪಕ್ಕಕ್ಕೆ ಹಾರುತ್ತವೆ. ತಲೆಯ ಮೇಲೆ ಕವಣೆ ಬೀಸುವವನಿಗೂ ಇದು ಗೊತ್ತು: ಗುರಿ ಎದುರಿಗಿದ್ದರೆ, ಕಲ್ಲು ಇನ್ನೂ ಪಕ್ಕದಲ್ಲಿರುವಾಗಲೇ ಹಗ್ಗ ಬಿಡಬೇಕು. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನ ಹಿಂಚಕ್ರ ಅಂಗಿಯ ಬೆನ್ನಿಗೆ ಕೆಸರಿನ ಗೆರೆ ಎಳೆಯುವುದೂ ಇದೇ ಲೆಕ್ಕದಲ್ಲಿ. ಹಿಡಿತ ತಪ್ಪಿದ್ದು ಆ ಕ್ಷಣ ಎತ್ತ ಸಾಗುತ್ತಿತ್ತೋ ಅತ್ತಲೇ ಹೋಗುತ್ತದೆ.

ಎಡವಿದ್ದಕ್ಕೆ ನಾಚಿಕೆ ಬೇಡ, ದೊಡ್ಡವರೂ ಎಡವಿದ್ದಾರೆ. ಹಾಲೆಂಡಿನ ವಿಜ್ಞಾನಿ ಹೈಗನ್ಸ್ 1659ರಲ್ಲಿ ಲೆಕ್ಕ ಹಾಕಿದ್ದು ಹೊರಮುಖದ ಬಲವನ್ನೇ. ಯುವಕ ನ್ಯೂಟನ್ನನ ಯೋಚನೆಯೂ ಅದೇ ಜಾಡಿನದು. 1679ರಲ್ಲಿ ಇಂಗ್ಲೆಂಡಿನದೇ ವಿಜ್ಞಾನಿ ರಾಬರ್ಟ್ ಹುಕ್ ಅವನಿಗೆ ಪತ್ರ ಬರೆದು, ಗ್ರಹಗಳ ಓಟವನ್ನು ನೇರ ಚಲನೆ ಮತ್ತು ಕೇಂದ್ರದತ್ತ ಸೆಳೆತ ಎಂದು ಬಿಡಿಸಿ ನೋಡುವ ದಾರಿ ತೋರಿಸಿದ. ನ್ಯೂಟನ್ 1687ರಲ್ಲಿ ಹೊರತಂದ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಆ ಸೆಳೆತ 'ಕೇಂದ್ರಾಭಿಮುಖ ಬಲ'ವಾಯಿತು. ಹುಕ್‌ನ ಋಣ ಒಪ್ಪಿಕೊಳ್ಳಲು ನ್ಯೂಟನ್ ಮೀನಮೇಷ ಎಣಿಸಿದ್ದು ಬೇರೆಯದೇ ಜಗಳ.

ಬಸ್ಸಿಗಾದರೋ ಕಿಟಕಿ ಇಲ್ಲ. ಅದನ್ನು ಒಳಕ್ಕೆ ನೂಕುವುದು ಟೈರಿಗೂ ಡಾಂಬರಿಗೂ ನಡುವಿನ ಘರ್ಷಣೆ. 20 ಮೀಟರ್ ತ್ರಿಜ್ಯದ ಸಮತಟ್ಟು ತಿರುವು ಎಂದಿಟ್ಟುಕೊಳ್ಳಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋದರೆ ಬಸ್ಸಿನ ತೂಕದ ಎಂಟನೇ ಒಂದು ಭಾಗದಷ್ಟು ಹಿಡಿತ ಸಾಕು. ವೇಗ 36 ಆದರೆ ಬೇಕಾಗುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ತೂಕದ ಅರ್ಧದಷ್ಟು. ಒಣ ರಸ್ತೆ ಅಷ್ಟನ್ನು ಕೊಟ್ಟೀತು. ಮೊದಲ ಮಳೆಗೆ ಧೂಳು, ಎಣ್ಣೆಜಿಡ್ಡು ಕಲಸಿ ಜಾರುವ ರಸ್ತೆ ಕೊಡಲಾರದು. ಆಗ ಬಸ್ಸೂ ಕೊಡೆಯ ಹನಿಯೇ.

ಇಂಥ ಕಡೆ ಗಾಡಿ ಉರುಳಿದರೆ "ಆ ತಿರುವಿನಲ್ಲಿ ಏನೋ ಇದೆ" ಎಂದು ಪಿಸುಗುಟ್ಟುತ್ತಾರೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ನಿಂಬೆರಸ ಹಿಡಿತ ಹೆಚ್ಚಿಸಿದ್ದನ್ನು ನಾನಂತೂ ಕಂಡಿಲ್ಲ. ಘಾಟಿಯಲ್ಲಿ ಪಳಗಿದ ಚಾಲಕರು ತಿರುವು ಬರುವ ಮೊದಲೇ ಗೇರು ಇಳಿಸಿ ಬ್ರೇಕು ಒತ್ತಿಬಿಡುತ್ತಾರೆ. ತಿರುವಿನ ನಡುವೆ ಒತ್ತಿದರೆ, ಟೈರಿನಲ್ಲಿರುವ ಅಷ್ಟೇ ಹಿಡಿತವನ್ನು ಬಸ್ಸು ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಹಂಚಬೇಕಾಗುತ್ತದೆ.