ಇಡೀ ಪೆಟ್ಟಿಗೆ ಬೇಡ, ಒಂದೇ ಸಾಮಾನು ಸಾಕು

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಗಲ್ಲಿಯಲ್ಲಿರುವ ಜೆರಾಕ್ಸ್ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿದೆ, ಅದರಲ್ಲಿ ಹೊಸ ಮೈಕ್ರೋಸಾಫ್ಟ್ ಆಫೀಸೂ ಇದೆ. ಅಂಗಡಿಯ ಅಕ್ಕನಿಗೆ ಬೇಕಾದ ಪಿಕ್ಚರ್ ಮ್ಯಾನೇಜರ್ ಮಾತ್ರ ಇಲ್ಲ. ಅರ್ಜಿ ಹಾಕಲು ಬರುವ ಹುಡುಗರ ಫೋಟೊ ಕತ್ತರಿಸಿ 50 ಕೆ.ಬಿ.ಯೊಳಗೆ ಇಳಿಸಲು ಅವರ ಕೈ ಪಳಗಿರುವುದು ಅದರಲ್ಲೇ. ಆಫೀಸ್ 2010ರವರೆಗೆ ಇದ್ದ ಈ ಪುಟ್ಟ ಪ್ರೋಗ್ರಾಂ ಅನ್ನು 2013ರ ಆವೃತ್ತಿಯಲ್ಲಿ ತೆಗೆದುಹಾಕಿದರು.

"ಆಫೀಸ್ 2010ರ ಹಳೇ ಸಿಡಿ ಕೀ ಸಮೇತ ಇದೆ ಕಣಪ್ಪ. ಹಾಕಿದ್ರೆ ಹೊಸ ವರ್ಡು, ಎಕ್ಸೆಲ್ಲು ಕೆಟ್ಟೋಗಲ್ವಾ?"

"ಪೂರ್ತಿ ಹಾಕೋದು ಬೇಡ ಅಕ್ಕ, ಅದೊಂದನ್ನೇ ಹಾಕೋಣ."

ಸೆಟಪ್‌ನಲ್ಲಿ ‘ಇನ್‌ಸ್ಟಾಲ್ ನೌ’ ಬಿಟ್ಟು ‘ಕಸ್ಟಮೈಸ್’ ಒತ್ತಿದೆವು. ಒಳಗಿರುವುದೆಲ್ಲ ಕೊಂಬೆಕೊಂಬೆಯಾಗಿ ಬಿಚ್ಚಿಕೊಂಡಿತು. ಎಲ್ಲಕ್ಕೂ ‘ನಾಟ್ ಅವೈಲಬಲ್’ ಕೊಟ್ಟಾಗ ಸಾಲಾಗಿ ಕೆಂಪು ಗುರುತು ಬಿತ್ತು. ಆಮೇಲೆ ‘ಆಫೀಸ್ ಟೂಲ್ಸ್’ ಕೆಳಗಿನ ಪಿಕ್ಚರ್ ಮ್ಯಾನೇಜರ್‌ಗೆ ಮಾತ್ರ ‘ರನ್ ಆಲ್ ಫ್ರಮ್ ಮೈ ಕಂಪ್ಯೂಟರ್’ ಆರಿಸಿದೆವು. ಹಳೆಯ ವರ್ಡ್ ಬಾರದ ಕಾರಣ ಡಾಕ್ ಫೈಲುಗಳು ಹೊಸ ವರ್ಡ್‌ನಲ್ಲೇ ತೆರೆಯುತ್ತವೆ.

ಹೀಗೆ ಬಿಡಿಯಾಗಿ ಆರಿಸಲು ಸಾಧ್ಯವಾಗುವುದು ಎಂಎಸ್‌ಐ ಫೈಲುಗಳಿಂದ. ತಂತ್ರಾಂಶಗಳನ್ನು ಕಂಪ್ಯೂಟರಿಗೆ ಹಾಕುವ, 1999ರಲ್ಲಿ ಆಫೀಸ್ 2000ರ ಜೊತೆ ಬಂದ ವಿಂಡೋಸ್ ಇನ್‌ಸ್ಟಾಲರ್ ಬಳಸುವ ಈ ಫೈಲು ನಿಜಕ್ಕೂ ಒಂದು ಡೇಟಾಬೇಸ್. ಅದರ ಒಂದು ಕೋಷ್ಟಕದಲ್ಲಿ ನಾವು ಆರಿಸುವ ‘ಫೀಚರ್’ಗಳಿವೆ, ಇನ್ನೊಂದರಲ್ಲಿ ಅವಕ್ಕೆ ಬೇಕಾದ ‘ಕಾಂಪೊನೆಂಟ್’ಗಳು, ಅಂದರೆ ಫೈಲು ಮತ್ತು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ನಮೂದುಗಳ ಗುಂಪುಗಳು. ಪ್ರತಿ ಕಾಂಪೊನೆಂಟಿಗೂ 128 ಬಿಟ್‌ಗಳ ಗುರುತಿನ ಸಂಖ್ಯೆ ಇರುತ್ತದೆ. ಯಾವುದನ್ನು ಯಾವ್ಯಾವ ತಂತ್ರಾಂಶ ಬಳಸುತ್ತಿದೆ ಎಂದು ವಿಂಡೋಸ್ ಲೆಕ್ಕ ಇಡುತ್ತದೆ, ಕೊನೆಯದೂ ಹೋಗುವ ತನಕ ಅದನ್ನು ಅಳಿಸುವುದಿಲ್ಲ. ಕೂಡುಕುಟುಂಬದಲ್ಲಿ ಒಲೆ ಬೇರೆಯಾದರೂ ಬಾವಿ ಒಂದೇ. ಒಬ್ಬರು ಮನೆ ಬಿಟ್ಟರೆಂದು ಬಾವಿ ಮುಚ್ಚಲಾಗುತ್ತದೆಯೇ? ಪುಟ್ಟ ಪ್ರೋಗ್ರಾಂ ಒಂದನ್ನೇ ಹಾಕಿದರೂ ಡಿಸ್ಕ್‌ನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಜಾಗ ಹೋಗುವುದು ಈ ಬಾವಿಯ ಪಾಲಿನಿಂದಲೇ. ಇಪ್ಪತ್ತೈದು ವರ್ಷ ದಾಟಿದ ಈ ಏರ್ಪಾಟು ನನಗೆ ಈಗಲೂ ಅಚ್ಚುಮೆಚ್ಚು.

ಒಂದು ಕಡೆ ಮಾತ್ರ ತಡೆ ಬಿತ್ತು. 32 ಬಿಟ್ ಮತ್ತು 64 ಬಿಟ್‌ನ ಆಫೀಸ್‌ಗಳು ಒಟ್ಟಿಗೆ ಬಾಳುವುದಿಲ್ಲ. ಅಕ್ಕನ ಹೊಸ ಆಫೀಸ್ 64 ಬಿಟ್‌ನದು, ಸಿಡಿ ತಾನಾಗಿ ಹಾಕಹೊರಟಿದ್ದು 32 ಬಿಟ್‌ನದು, ಹಾಗಾಗಿ ಸೆಟಪ್ ಮೊದಲು ಮುಂದೆ ಹೋಗಲಿಲ್ಲ. ಸಿಡಿಯಲ್ಲೇ ಇದ್ದ 64 ಬಿಟ್‌ನ ‘ಎಕ್ಸ್64’ ಫೋಲ್ಡರ್‌ನಿಂದ ಮತ್ತೆ ಶುರು ಮಾಡಬೇಕಾಯಿತು.

ಇನ್ನೊಂದು ಎಚ್ಚರಿಕೆಯನ್ನು ಅಕ್ಕನಿಗೆ ಒತ್ತಿ ಹೇಳಿದೆ. ಆಫೀಸ್ 2010ಕ್ಕೆ 2020ರ ಅಕ್ಟೋಬರ್ 13ರಂದೇ ಬೆಂಬಲ ನಿಂತಿದೆ, ಅದರ ಭದ್ರತಾ ದೋಷಗಳಿಗೆ ಇನ್ನು ತೇಪೆ ಬರುವುದಿಲ್ಲ. ಅಂಗಡಿಗೆ ಬರುವ ಫೋಟೊಗಳೋ ಯಾರ್ಯಾರದೋ ಪೆನ್‌ಡ್ರೈವ್‌ನವು. ಅದಕ್ಕೇ ಮೊದಲು ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು ಹೊಸ ಹೆಸರಲ್ಲಿ ಉಳಿಸಿಕೊಳ್ಳಲಿ. ಆಗ ಚಿತ್ರ ಹೊಸದಾಗಿ ಬರೆಯಲ್ಪಡುತ್ತದೆ, ಮೂಲ ಫೈಲಿನಲ್ಲಿ ಅಡಗಿದ ಕೆಡುಕು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ.

ಅಕ್ಕ ಆ ಹೆಜ್ಜೆಯನ್ನು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿ, ಕಾಯುತ್ತಿದ್ದ ಹುಡುಗನ ಪೆನ್‌ಡ್ರೈವ್ ಕೇಳಿದರು.